ಎದೆಯ ಮೇಲಿನ ಹುಂಜ

ನನ್ನಿವಾಳ,
೯ ಮಾರ್ಚ್ ೨೦೨೫, ಭಾನುವಾರ

ಪ್ರೀತಿಯ ಐಶ್ವರ್ಯಳಿಗೆ,

‘ಪ್ರೀತಿಯ’ ಎಂದು ಬರೆದ ಮೇಲೆ ಹೊಡೆದು ಹಾಕೋಣ ಅನ್ನಿಸಿತು. ಕಾಗದ ಹೊಲಸಾಗುತ್ತದೆ ಎಂದು ಬಿಟ್ಟಿದ್ದೇನೆ, ಅಷ್ಟಕ್ಕೇ ಹಿಗ್ಗಬೇಡ. ನಾನು ಕ್ಷೇಮವಾಗಿಲ್ಲ, ನೀನೂ ಇರಲಾರೆ. ಹಾಗಾಗಿ ಆ ಸಾಲನ್ನು ಇಬ್ಬರ ಪರವಾಗಿಯೂ ಕೈಬಿಡುತ್ತೇನೆ.

ಈ ಕಾಲದಲ್ಲಿ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ತಂಡದ ವಾಟ್ಸಾಪ್ ಗುಂಪಿನಿಂದ ನನ್ನನ್ನು ತೆಗೆದವಳು ನೀನು. ನಾಲ್ಕು ಸಲ ಫೋನ್ ಮಾಡಿದರೆ ನಾಲ್ಕು ಸಲವೂ ಎತ್ತದವಳು ನೀನು. ಉಳಿದದ್ದು ಅಂಚೆ. ನಿಮ್ಮಪ್ಪನ ಎಣ್ಣೆ ಮಿಲ್ಲಿಗೆ ಅಂಚೆಯವರು ದಿನವೂ ಬರುತ್ತಾರೆ, ಆದ್ದರಿಂದ ತಲುಪಲಿಲ್ಲ ಎಂದು ಹೇಳುವ ದಾರಿ ನಿನಗಿಲ್ಲ.

ಕಳೆದ ವಾರದ ಪೇಪರ್ ನೋಡಿದೆ. ‘ಚಾಂಪಿಯನ್ ಚಳ್ಳಕೆರೆ ಕಪ್ ಉಳಿಸಿಕೊಳ್ಳಲಿಲ್ಲವೇಕೆ?’ ಎಂದು ದೊಡ್ಡ ಅಕ್ಷರದಲ್ಲಿ ಹಾಕಿದ್ದಾರೆ, ಕೆಳಗೆ ನಾಯಕಿಯ ಫೋಟೊ. ನೀನು ಕೊಟ್ಟ ಕಾರಣಗಳನ್ನು ಎರಡು ಸಲ ಓದಿದೆ. ಮೊಳಕಾಲ್ಮೂರಿನ ಮೈದಾನ ಬರೀ ಗರಸು. ಫೆಬ್ರವರಿಯಲ್ಲೇ ವಿಪರೀತ ಬಿಸಿಲು. ಮೂರನೆಯದು, ‘ಗೋಲ್‌ಕೀಪರ್ ಮೂಢನಂಬಿಕೆಗೆ ಜೋತುಬಿದ್ದು ತಂಡದ ಅಂಗಿ ತೊಡಲು ಒಪ್ಪದೆ ನಡುವೆಯೇ ಕೈಕೊಟ್ಟಳು.’ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹೋದ ವರ್ಷ ಅದೇ ಗರಸಿನ ಮೇಲೆ ಮೂರು ಗೋಲು ಹೊಡೆದು ಕಪ್ ತಂದಿದ್ದೆವು. ಬಿಸಿಲೇನು ಮೊಳಕಾಲ್ಮೂರಿನ ಹುಡುಗಿಯರಿಗೆ ಬೇರೆ, ನಿನಗೆ ಬೇರೆ ಇತ್ತೇ?

ಅದು ಪೇಪರ್ ಮಾತು, ನಾಳೆ ಅದರಲ್ಲಿ ಮಿರ್ಚಿ ಕಟ್ಟುತ್ತಾರೆ. ಆದರೆ ಗುರುವಾರ ಲೀಗ್ ಸಮಿತಿಯಿಂದ ನನಗೆ ನೋಟಿಸ್ ಬಂತು. ಕೊನೆಯ ಪಂದ್ಯದ ದಿನ ನಾನು ಎದುರಾಳಿಗಳ ಜೊತೆ ಕುಳಿತು ಅವರಿಗೆ ನೆರವಾದೆನೆಂದು ನಾಯಕಿಯ ಸಹಿಯಿರುವ ದೂರು. ಹದಿನಾರನೇ ತಾರೀಖು ಚಿತ್ರದುರ್ಗದಲ್ಲಿ ವಿಚಾರಣೆ. ಸಾಬೀತಾದರೆ ಎರಡು ವರ್ಷ ಆಡುವ ಹಾಗಿಲ್ಲ. ಜುಲೈಯಲ್ಲಿ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ ಆಯ್ಕೆ ಇದೆ, ನಿನಗೂ ಗೊತ್ತು, ಇಬ್ಬರೂ ಸೇರಿ ಅರ್ಜಿ ತುಂಬಿದ್ದೆವು. ಎರಡು ವರ್ಷ ಹೊರಗೆ ಕುಳಿತರೆ ನನ್ನ ಕಾಲೇಜೂ ಮುಗಿದಿರುತ್ತದೆ, ಆಟವೂ ಮುಗಿದಿರುತ್ತದೆ. ಆಮೇಲೆ ನನ್ನನ್ನು ಯಾವ ಗೋಲಿನ ಮುಂದೆಯೂ ಯಾರೂ ನಿಲ್ಲಿಸುವುದಿಲ್ಲ. ಅದಕ್ಕೇ ಈ ಕಾಗದ. ನೀನು ಮರೆತಂತೆ ನಟಿಸುತ್ತಿರುವುದನ್ನು ಮೊದಲಿನಿಂದ ನೆನಪಿಸುತ್ತೇನೆ.

ನಾವು ಗೆಳತಿಯರಾದದ್ದು ಹೇಗೆ ಹೇಳು. ಚೆಂಡಿನಿಂದಲ್ಲ, ಮೊಟ್ಟೆಯಿಂದ. ಓಂಕಾರಮೂರ್ತಿ ಸರ್ ಪ್ರಾಕ್ಟೀಸ್ ಮುಗಿಯುತ್ತಲೇ ಬೇಯಿಸಿದ ಮೊಟ್ಟೆಯ ತಟ್ಟೆ ಹಿಡಿದು ಬರುತ್ತಿದ್ದರು. “ತಿನ್ರವ್ವಾ, ತಿನ್ರಿ, ಬರೀ ಮುದ್ದೆ ತಿಂದ್ರೆ ಕಾಲು ಓಡಲ್ಲ” ಎನ್ನುತ್ತಿದ್ದರು. ಹದಿನಾರು ಜನ ಕೈ ಚಾಚಿದರೆ ಎರಡು ಕೈ ಹಿಂದಕ್ಕೆ ಹೋಗುತ್ತಿದ್ದವು, ನಿನ್ನದು ಮತ್ತು ನನ್ನದು. ಲಿಂಗ ಕಟ್ಟಿಕೊಂಡವಳು, ಮೊಟ್ಟೆ ಮುಟ್ಟುವುದಿಲ್ಲ ಎಂದೆ ನೀನು. ಸರ್ ತಲೆಯಾಡಿಸಿದರು. ನಾನು ಮುಟ್ಟುವುದಿಲ್ಲ ಎಂದಾಗ ಮಾತ್ರ ಎಲ್ಲರೂ ತಿರುಗಿ ನೋಡಿದರು, ಕುರಿ ತಿನ್ನುವ ಮಂದಿಗೆ ಮೊಟ್ಟೆ ಯಾಕೆ ಬೇಡ ಎಂದು. ಅವತ್ತು ಮೈದಾನದ ಕಟ್ಟೆಯ ಮೇಲೆ ಕೂತು ನಿನಗೆ ಎಲ್ಲ ಬಿಡಿಸಿ ಹೇಳಿದ್ದೆ. ನಾವು ಮ್ಯಾಸ ನಾಯಕರು, ನಮ್ಮ ಹಟ್ಟಿಯಲ್ಲಿ ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ, ಮುಟ್ಟುವುದೂ ಇಲ್ಲ. ಅದರಲ್ಲೂ ನಮ್ಮಪ್ಪ ಹನುಮಣ್ಣ ಕಿಲಾರಿ, ದೇವರ ಎತ್ತುಗಳನ್ನು ಕಾಯುವವನು, ನಮ್ಮ ಮನೆಗೆ ಕಟ್ಟುಪಾಡು ಇನ್ನೂ ಒಂದು ಕೈ ಹೆಚ್ಚು. “ಹಂಗಾದ್ರೆ ನಿಮ್ಮ ಹಟ್ಟೀಲಿ ಬೆಳಗಾಗೋದು ಹೆಂಗೆ ಗೊತ್ತಾಗ್ತೈತೆ?” ಎಂದು ನೀನು ತಮಾಷೆ ಮಾಡಿದ್ದೆ. ಮುದುಕಿಯ ಕೋಳಿ ಕೂಗದಿದ್ದರೂ ಬೆಳಗಾಗುತ್ತದೆ ಎಂದಿದ್ದೆ ನಾನು. ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದೆವು.

ಮರುದಿನದಿಂದ ನಿಮ್ಮ ಅವ್ವ ಸುಲೋಚನಮ್ಮನವರು ಡಬ್ಬಿಯಲ್ಲಿ ನಾಲ್ಕು ಶೇಂಗಾ ಉಂಡೆ ಕಳಿಸತೊಡಗಿದರು, ಎರಡು ನಿನಗೆ, ಎರಡು ನನಗೆ. ಎರಡು ವರ್ಷ ಆ ಉಂಡೆ ತಿಂದಿದ್ದೇನೆ. ಆ ಋಣಕ್ಕೇ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ.

ಎಲ್ಲರೂ ಬಸ್ ಹತ್ತಿದ ಮೇಲೂ ನಾವಿಬ್ಬರು ಉಳಿಯುತ್ತಿದ್ದೆವು. ನೀನು ದಿನಕ್ಕೆ ಇಪ್ಪತ್ತು ಪೆನಾಲ್ಟಿ ಹೊಡೆಯುವುದು, ನಾನು ಹಿಡಿಯುವುದು. ಹನ್ನೆರಡೋ ಹದಿಮೂರೋ ನನ್ನ ಕೈಗೇ ಬರುತ್ತಿದ್ದವು. “ಎತ್ತ ಹೊಡೀತೀನಿ ಅಂತ ನಿಂಗೆ ಮೊದ್ಲೇ ಹೆಂಗೆ ಗೊತ್ತಾಗ್ತೈತೆ, ಹೇಳೇ” ಎಂದು ನೀನು ಗೋಗರೆಯುತ್ತಿದ್ದೆ. ಅದು ಕೀಪರಿನ ಗುಟ್ಟು ಎಂದು ಸುಮ್ಮನಾಗುತ್ತಿದ್ದೆ. ಆ ವರ್ಷ ಹತ್ತು ಪಂದ್ಯದಲ್ಲಿ ನಮ್ಮ ಗೋಲಿಗೆ ಬಿದ್ದದ್ದು ನಾಲ್ಕೇ ಚೆಂಡು. ಕಪ್ ಎತ್ತುವಾಗ ಒಂದು ಹಿಡಿ ನೀನು, ಇನ್ನೊಂದು ಹಿಡಿ ನಾನು. ಆ ಫೋಟೊ ನಿಮ್ಮ ಮನೆಯ ಹಾಲಿನಲ್ಲಿ ಇತ್ತಲ್ಲ, ಈಗಲೂ ಇದೆಯೋ, ನನ್ನ ಅರ್ಧ ಕತ್ತರಿಸಿದ್ದೀಯೋ ತಿಳಿಯದು.

ಗೆದ್ದ ಮೇಲೆ ನಮಗೆ ಪ್ರಾಯೋಜಕರು ಬೇಕಾದರು. ಹಳೆ ಅಂಗಿಯಲ್ಲೇ ಗೆದ್ದವರಿಗೆ ಹೊಸ ಅಂಗಿ ಯಾಕೆ ಎಂದು ಆಗಲೇ ಕೇಳಬೇಕಿತ್ತು. ನಿಮ್ಮಪ್ಪ ಜಯದೇವಪ್ಪನವರು ದೊಡ್ಡ ಮನಸ್ಸು ಮಾಡಿ ತಮ್ಮ ಗಿರಾಕಿಯನ್ನೇ ಕರೆತಂದರು. ನಿಮ್ಮ ಮಿಲ್ಲಿನ ಶೇಂಗಾ ಹಿಂಡಿ ಲಾರಿಗಟ್ಟಲೆ ಕೊಳ್ಳುವ ಕೋಳಿ ಫಾರಂ ಸಾಹುಕಾರರು. ಮೊಟ್ಟೆಯ ವಾಸನೆ ಬಂದರೆ ಹೊಸಿಲಿಗೆ ನೀರು ಹಾಕುವ ಮನೆ ನಿಮ್ಮದು. ಆದರೂ ಕೋಳಿಗೆ ಹಿಂಡಿ ಮಾರಿದರೆ ಮೈಲಿಗೆಯಿಲ್ಲ, ಅದು ವ್ಯಾಪಾರ. ನಾನು ತಪ್ಪು ಎನ್ನುತ್ತಿಲ್ಲ, ನಿಮ್ಮದನ್ನು ಯಾರೂ ಮೂಢನಂಬಿಕೆ ಎಂದು ಪೇಪರಿನಲ್ಲಿ ಹಾಕಿಸಲಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಅಂಗಿಯ ಮೇಲೆ ಫಾರಂನವರ ಗುರುತು ಹುಂಜ ಇರುತ್ತದೆ ಎಂದು ತಿಳಿದ ದಿನವೇ ನಿನ್ನ ಹತ್ತಿರ ಬಂದೆ. ನಾನು ಗಲಾಟೆ ಮಾಡಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಉಳಿದ ಹದಿನೇಳು ಜನ ಹುಂಜವನ್ನಾದರೂ ಹಾಕಿಕೊಳ್ಳಿ, ಹದ್ದನ್ನಾದರೂ ಹಾಕಿಕೊಳ್ಳಿ ಎಂದೆ. ಕೀಪರಿನ ಅಂಗಿ ಹೇಗಿದ್ದರೂ ಬೇರೆ ಬಣ್ಣದ್ದು ಇರಬೇಕು, ಅದು ಆಟದ ನಿಯಮ, ಬೇರೆಯಾಗಿಯೇ ಹೊಲಿಸಬೇಕು. ಆ ಒಂದನ್ನು ಖಾಲಿ ಬಿಡಿಸು, ಸಾಕು ಎಂದೆ. “ಅಷ್ಟೇ ತಾನೇ? ಬಿಡೇ, ನಾನು ಹೇಳ್ತೀನಿ” ಎಂದು ನನ್ನ ಬೆನ್ನು ತಟ್ಟಿದೆ. ನಿನ್ನ ಮಾತಿನ ಮೇಲೆ ಒಂದು ತಿಂಗಳು ನೆಮ್ಮದಿಯಾಗಿ ನಿದ್ದೆ ಮಾಡಿದೆ.

ನವೆಂಬರಿನಲ್ಲಿ ಪೆಟ್ಟಿಗೆ ಬಂತು. ನನ್ನದು ಹಳದಿ ಅಂಗಿ, ಎದೆಯ ತುಂಬ ಕೆಂಪು ಹುಂಜ, ಕೊಕ್ಕು ತೆರೆದು ಕೂಗುತ್ತಿದೆ. ಉಳಿದವರಿಗಿಂತ ನನ್ನದೇ ದೊಡ್ಡದು. ಫೋಟೊಗಳಲ್ಲಿ ಕೀಪರ್ ಚೆನ್ನಾಗಿ ಕಾಣುತ್ತಾಳೆ ಎಂದು ಸಾಹುಕಾರರೇ ದೊಡ್ಡದು ಮಾಡಿಸಿದ್ದರಂತೆ. ನಿನ್ನ ಮುಖ ನೋಡಿದೆ. ನೀನು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದೆ. ಹೇಳಲು ಮರೆತೆಯೋ, ಹೇಳುವ ಧೈರ್ಯ ಸಾಲಲಿಲ್ಲವೋ? ಅಪ್ಪನ ಗಿರಾಕಿಗೆ ಬೇಸರವಾದೀತೆಂದು ನುಂಗಿಕೊಂಡೆ ಎಂದು ಆಗಲೇ ಒಪ್ಪಿಕೊಂಡಿದ್ದರೆ ನಾನು ಅತ್ತು ಸುಮ್ಮನಾಗುತ್ತಿದ್ದೆ. “ಒಂದು ಚಿತ್ರ ಕಣೇ, ಅದೇನು ಕಚ್ಚುತ್ತಾ?” ಎಂದೆ ನೀನು. ಇಡೀ ತಂಡದಲ್ಲಿ ಮೊಟ್ಟೆ ಮುಟ್ಟದ ಇನ್ನೊಬ್ಬಳು ನೀನೇ ಐಶೂ. ಬೇರೆ ಯಾರಾದರೂ ಹಾಗೆ ಅಂದಿದ್ದರೆ ನನಗೆ ತಾಗುತ್ತಿರಲಿಲ್ಲ.

ಹಿರಿಯೂರಿನ ಮೇಲಿನ ಮೊದಲ ಪಂದ್ಯಕ್ಕೆ ಆ ಹುಂಜದ ಮೇಲೆ ತೇಪೆ ಹಾಕಿಕೊಂಡು ಬಂದೆ. ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲೇ ಕೂತು ನಮ್ಮವ್ವ ಬೋರಕ್ಕ ಹಳೆ ಕುಪ್ಪಸದ ಹಸಿರು ತುಂಡು ಹೊಲಿದಳು. ಅಂಗಿಯನ್ನು ಹಟ್ಟಿಗೆ ಒಯ್ಯದಿರಲು ಬೇರೆ ದಾರಿ ಇರಲಿಲ್ಲ. ಎರಡು ಗೋಲಿನಿಂದ ಗೆದ್ದೆವು, ನಾನು ಏಳು ಚೆಂಡು ತಡೆದೆ. ಮರುದಿನ ಪೇಪರಿನಲ್ಲಿ ತೇಪೆಯ ಅಂಗಿಯ ಫೋಟೊ ಬಂದದ್ದೇ ತಪ್ಪಾಯಿತು. ಸಾಹುಕಾರರಿಗೆ ಅವಮಾನವಾಯಿತಂತೆ. ನಿಮ್ಮಪ್ಪ ಮೈದಾನಕ್ಕೆ ಬಂದು ಸರ್ ಕಿವಿಯಲ್ಲಿ ಏನೋ ಊದಿದರು. ಎಲ್ಲರ ಮುಂದೆ ನಿಲ್ಲಿಸಿ ನೀನೇ ಹೇಳಿದೆ, ತೇಪೆ ಬಿಚ್ಚು, ಇಲ್ಲವಾದರೆ ಹೊರಗೆ ಕೂರು ಎಂದು. ನಾನು ಹೊರಗೆ ಕುಳಿತೆ.

ಇಲ್ಲಿ ನನ್ನದೂ ಒಂದು ತಪ್ಪಿದೆ, ಮುಚ್ಚಿಡುವುದಿಲ್ಲ. ಹಟ್ಟಿಯ ಹಿರಿಯರು ಬೇಡವೆಂದರು, ಅಪ್ಪ ಮನೆಗೆ ಸೇರಿಸುವುದಿಲ್ಲ ಎಂದ ಅಂತ ಹೇಳಿದೆನಲ್ಲ ಅವತ್ತು, ಅದು ಸುಳ್ಳು. ಹಿರಿಯರು ಅಂಗಿಯನ್ನು ನೋಡಿರಲೇ ಇಲ್ಲ. ಅಪ್ಪನಿಗೆ ನಾನು ಹೇಳಿಯೇ ಇರಲಿಲ್ಲ. ನನಗೆ ಬಂದದ್ದು ನಿನ್ನ ಮೇಲಿನ ಸಿಟ್ಟು, ಹೊತ್ತದ್ದು ಹಟ್ಟಿಯ ಹೆಸರು. ನನ್ನೊಬ್ಬಳ ಮಾತನ್ನು ಯಾರು ಕೇಳುತ್ತಾರೆ, ಹಿರಿಯರ ಹೆಸರು ಹೇಳಿದರೆ ತೂಕ ಬರುತ್ತದೆ ಎಂದುಕೊಂಡೆ. ತೂಕ ಬಂತು, ಬಂದದ್ದು ಹಟ್ಟಿಯ ತಲೆಯ ಮೇಲೆ. ಈಗ ಪೇಪರಿನವರೆಲ್ಲ ನಮ್ಮ ಮಂದಿಯನ್ನು ಮೂಢರು ಎಂದು ಬರೆಯುತ್ತಿದ್ದಾರೆ, ಅದರಲ್ಲಿ ಅರ್ಧ ನನ್ನ ಬಾಯಿಯ ಪುಣ್ಯ.

ನಾನಿಲ್ಲದ ಗೋಲಿಗೆ ಸರ್ ಎತ್ತರ ನೋಡಿ ಒಬ್ಬ ಫಾರ್ವರ್ಡ್ ಹುಡುಗಿಯನ್ನು ನಿಲ್ಲಿಸಿದರು. ಪಾಪ, ಅವಳಿಗೆ ಚೆಂಡು ಬಂದರೆ ಒದೆಯುವುದು ಗೊತ್ತು, ಹಿಡಿಯುವುದು ಗೊತ್ತಿಲ್ಲ. ಎಂಟು ಪಂದ್ಯಕ್ಕೆ ಹನ್ನೊಂದು ಗೋಲು. ಕಾರಣ ಹುಡುಕಲು ಪೇಪರಿನವರು ಬೇಕಿರಲಿಲ್ಲ, ಒಂದು ಖಾಲಿ ಅಂಗಿ ಸಾಕಿತ್ತು. ಆದರೂ ಕೊನೆಯ ಪಂದ್ಯಕ್ಕೆ ಬರುವಷ್ಟರಲ್ಲಿ ಕಪ್ ಇನ್ನೂ ಕೈಗೆಟುಕುವ ಹಾಗಿತ್ತು. ಮೊಳಕಾಲ್ಮೂರನ್ನು ಅವರ ಮೈದಾನದಲ್ಲಿ ಗೆದ್ದರೆ ನಿಮ್ಮದು, ಸಮವಾದರೂ ಅವರದು.

ಆ ವಾರ ಅಪ್ಪನಿಗೆ ಎಲ್ಲ ತಿಳಿಯಿತು. ಎತ್ತುಗಳನ್ನು ದೇವಸಮುದ್ರದ ಕಡೆ ಮೇಯಲು ಹೊಡೆದುಕೊಂಡು ಹೋಗಿದ್ದವನಿಗೆ ಯಾರೋ ಚಹಾ ಅಂಗಡಿಯಲ್ಲಿ, ನಿನ್ನ ಮಗಳನ್ನು ಹಟ್ಟಿಯವರು ಆಟ ಬಿಡಿಸಿದರಂತೆ ಎಂದರಂತೆ. ಮನೆಗೆ ಬಂದು ಕೂರಿಸಿಕೊಂಡು ಕೇಳಿದ. ಬೈಯುತ್ತಾನೆ ಎಂದು ತಲೆ ಬಗ್ಗಿಸಿದ್ದೆ. “ಬಟ್ಟೆ ಮ್ಯಾಲಿನ ಕೋಳಿಗೆ ಉಸ್ರೈತೇನವ್ವ? ಅಂಗಿ ಹಟ್ಟಿಯೊಳಗೆ ತರಬ್ಯಾಡ. ಆಡು, ಅಲ್ಲೇ ಬಿಚ್ಚಿಡು, ಮೈ ತೊಳ್ಕಂಡು ಬಾ. ಎತ್ತುಗಳಿಗೆ ನಾನು ಹೇಳ್ಕಂತೀನಿ” ಎಂದ. ಇಷ್ಟೇ. ಮೂರು ತಿಂಗಳು ನಾನು ಕಟ್ಟಿಕೊಂಡಿದ್ದ ಗೋಡೆಯನ್ನು ಅಪ್ಪ ಎರಡು ಮಾತಿನಲ್ಲಿ ಕೆಡವಿದ. ಅವನನ್ನು ಮೊದಲೇ ಕೇಳದ ನನಗೆ ಅವತ್ತು ಆದಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

ಫೆಬ್ರವರಿ ಇಪ್ಪತ್ಮೂರರಂದು ಮೊದಲ ಬಸ್ಸಿಗೇ ಮೊಳಕಾಲ್ಮೂರಿಗೆ ಬಂದೆ. ಪಂದ್ಯಕ್ಕೆ ಇನ್ನೂ ಒಂದು ಗಂಟೆ ಇತ್ತು. ಬೆಟ್ಟದ ಬಂಡೆಗಳು ಆಗಲೇ ಕಾದಿದ್ದವು. ಆಟಗಾರರ ಪಟ್ಟಿಯಲ್ಲಿ ನನ್ನ ಹೆಸರು ಇನ್ನೂ ಇತ್ತು, ನೋಡಿಕೊಂಡೇ ಬಂದಿದ್ದೆ. ನಿನ್ನ ಮುಂದೆ ನಿಂತು, ಆ ಹುಂಜದ ಅಂಗಿಯನ್ನೇ ಕೊಡು, ಹಾಕಿಕೊಳ್ಳುತ್ತೇನೆ, ತಪ್ಪಾಯಿತು ಎಂದೆ. ತಪ್ಪಾಯಿತು ಎಂಬ ಮಾತನ್ನು ನಾನು ಅಂದದ್ದು ನಿನ್ನ ದೂರಿನಲ್ಲಿ ಎಲ್ಲಿಯೂ ಇಲ್ಲ. ನೀನು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದೆ. “ಈಗ್ಯಾಕೆ ಬಂದೆ? ಹುಂಜ ಕಂಡ್ರೆ ನಿಂಗೆ ಮೈಲಿಗೆ ಅಲ್ವಾ? ಹೋಗು, ನಿಮ್ಮಪ್ಪನ ಜೊತೆ ಎತ್ತು ಕಾಯಿ” ಎಂದೆ. ಹಿಂದಿನಿಂದ ಯಾರೋ ಕೊಕ್ಕೊಕ್ಕೋ ಎಂದು ಕೂಗಿದರು. ಎಲ್ಲರೂ ನಕ್ಕರು. ಓಂಕಾರಮೂರ್ತಿ ಸರ್ ತಮ್ಮ ಸೀಟಿಯನ್ನು ಒರೆಸುತ್ತ ನಿಂತಿದ್ದರು. ನೀನೂ ನಕ್ಕೆ.

ಅಪ್ಪನ ಹೆಸರು ಎತ್ತಬಾರದಿತ್ತು. ನನ್ನನ್ನು ಬೈದಿದ್ದರೆ ಬೈಸಿಕೊಂಡು ಅಂಗಿ ಇಸಿದುಕೊಳ್ಳುತ್ತಿದ್ದೆ. ನಿನಗಾಗಿ, ನಿನ್ನ ಕಪ್ಪಿಗಾಗಿ ಎತ್ತುಗಳ ಹತ್ತಿರ ಮಾತಾಡಿಕೊಳ್ಳುತ್ತೇನೆ ಎಂದು ಒಪ್ಪಿದ ಮನುಷ್ಯ ಅವನು.

ಹೌದು, ಆಮೇಲೆ ನಾನು ಮೊಳಕಾಲ್ಮೂರಿನ ಹುಡುಗಿಯರ ಪಕ್ಕ ಕುಳಿತೆ. ನೆರಳಿದ್ದದ್ದು ಅಲ್ಲೇ, ಅವರ ಕೀಪರ್ ಸೌಂದರ್ಯ ಜರುಗಿ ಜಾಗ ಕೊಟ್ಟು ನೀರಿನ ಬಾಟಲಿ ಚಾಚಿದಳು. ಮಗ್ಗದವರ ಮನೆಯ ಹುಡುಗಿ, ನನ್ನ ಹೆಸರನ್ನೂ ಕೇಳದೆ ಕುಡಿಯಲು ಕೊಟ್ಟಳು. ಅವರ ಅಂಗಿ ನಾನು ತೊಡಲಿಲ್ಲ, ಅವರ ಚೆಂಡು ಮುಟ್ಟಲಿಲ್ಲ, ಅವರಿಂದ ನೀರು ಬಿಟ್ಟು ಏನನ್ನೂ ತೆಗೆದುಕೊಳ್ಳಲಿಲ್ಲ. ಒಂದೊಂದು ಗೋಲಿನಿಂದ ಸಮ ಇರುವಾಗ, ಮುಗಿಯಲು ಎರಡು ನಿಮಿಷ ಇರುವಾಗ ನಿಮಗೆ ಪೆನಾಲ್ಟಿ ಸಿಕ್ಕಿದ್ದು, ನೀನು ಹೊಡೆದದ್ದು, ಸೌಂದರ್ಯ ಹಿಡಿದದ್ದು ಎರಡು ತಾಲ್ಲೂಕಿಗೆ ಗೊತ್ತಿರುವ ವಿಷಯ. ಅದನ್ನು ಮತ್ತೆ ಬರೆದು ನಿನ್ನ ಗಾಯದ ಮೇಲೆ ಬರೆ ಎಳೆಯುವುದಿಲ್ಲ.

ನಾನು ಕೇಳುವುದು ಒಂದೇ. ಹದಿನಾರನೇ ತಾರೀಖು ಸಮಿತಿಯ ಮುಂದೆ ನಿಂತು ನಿಜ ಹೇಳು. ಖಾಲಿ ಅಂಗಿ ಕೇಳಿದ್ದಳು, ಕೊಡಿಸುತ್ತೇನೆ ಎಂದು ಮಾತು ಕೊಟ್ಟು ತಪ್ಪಿದೆ ಎನ್ನು. ಕೊನೆಯ ದಿನ ಆಡಲು ಬಂದಳು, ನಾನೇ ಓಡಿಸಿದೆ ಎನ್ನು. ಹಿರಿಯರ ಹೆಸರಿನಲ್ಲಿ ನಾನು ಹೇಳಿದ ಸುಳ್ಳನ್ನು ನಾನೂ ಅಲ್ಲೇ ಒಪ್ಪಿಕೊಳ್ಳುತ್ತೇನೆ. ನೀನು ಬರದಿದ್ದರೆ ನಿನ್ನ ಸಹಿಯಿರುವ ಆ ದೂರೇ ನಿಜವಾಗುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನಮ್ಮವ್ವ ಅನ್ನುತ್ತಾಳೆ. ನಮ್ಮಿಬ್ಬರಿಗೂ ಅದು ಒಪ್ಪುವ ಮಾತು.

ಸುಲೋಚನಮ್ಮನವರಿಗೆ ನನ್ನ ನಮಸ್ಕಾರ ತಿಳಿಸು. ಉಂಡೆಯ ಡಬ್ಬಿಯೊಂದು ನನ್ನಲ್ಲೇ ಉಳಿದಿದೆ, ತೊಳೆದಿಟ್ಟಿದ್ದೇನೆ.

ಇಂತಿ,
ಒಂದು ಕಾಲದಲ್ಲಿ ನಿನ್ನ ಗೋಲು ಕಾದವಳು,
ಕಾವ್ಯ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಒಂದು ಮಾತು ಬಿಟ್ಟಿದೆ. ಅವರಿಂದ ನಾನು ಏನನ್ನೂ ತೆಗೆದುಕೊಳ್ಳಲಿಲ್ಲ ನಿಜ, ಆದರೆ ಕೊಟ್ಟೆ. ನೀರು ಕುಡಿದು ಬಾಟಲಿ ಹಿಂದಿರುಗಿಸುವಾಗ ಸೌಂದರ್ಯಳಿಗೆ, “ಆ ಕ್ಯಾಪ್ಟನ್ ಪೆನಾಲ್ಟಿಗೆ ನಿಂತಾಗ ಕಾಲು ನೋಡು. ಎಡಗಾಲಿನ ಕಾಲ್ಚೀಲ ಎಳ್ಕಂಡ್ರೆ ನಿನ್ನ ಎಡಕ್ಕೆ ಬೀಳು, ಬಲಗಾಲಿಂದಾದ್ರೆ ಬಲಕ್ಕೆ” ಎಂದೆ. ಅವಳು ಕೇಳಿರಲಿಲ್ಲ. “ನಿಜಂಗಾನಾ ಅಕ್ಕಾ?” ಎಂದು ತೆಲುಗಿನಲ್ಲಿ ಒಂದು ಸಲ ಖಚಿತ ಮಾಡಿಕೊಂಡಳು, ಅಷ್ಟೇ. ನೀನು ಎಡಗಾಲಿನದನ್ನು ಎಳೆದುಕೊಂಡೆ. ಅವಳು ಎಡಕ್ಕೆ ಬಿದ್ದು ಹಿಡಿದಾಗ ನನಗೆ ಸಂತೋಷವಾಯಿತು ಐಶೂ, ಸುಳ್ಳು ಹೇಳುವುದಿಲ್ಲ. ನೀನು ಆ ಗರಸಿನ ಮೇಲೆ ಮಂಡಿಯೂರಿ ಕೂತುಬಿಟ್ಟೆಯಲ್ಲ, ಅದನ್ನು ಕಾಣುವ ತನಕ ಇತ್ತು ಆ ಸಂತೋಷ.

ಇದು ಗೊತ್ತಿರುವುದು ಸೌಂದರ್ಯಳಿಗೆ ಮತ್ತು ನನಗೆ. ಅವಳು ಯಾರಿಗೂ ಹೇಳುವುದಿಲ್ಲ. ಈಗ ನಿನಗೂ ಗೊತ್ತು, ಅದೂ ನನ್ನ ಕೈಬರಹದಲ್ಲಿ. ಈ ಹಾಳೆಯನ್ನು ಚಿತ್ರದುರ್ಗಕ್ಕೆ ತರುವುದೋ ಒಲೆಗೆ ಹಾಕುವುದೋ ನಿನಗೆ ಬಿಟ್ಟದ್ದು. ತರುವುದಾದರೆ ಮೇಲಿನ ಹಾಳೆಗಳನ್ನೂ ತಾ, ಇದೊಂದನ್ನೇ ತರಬೇಡ.

ಇನ್ನು ಮೇಲೆ ಪೆನಾಲ್ಟಿಗೆ ನಿಂತಾಗ ಕಾಲ್ಚೀಲ ಮುಟ್ಟಬೇಡ.